ಕರು ಬರಿಗೈಯಲ್ಲಿ ಹುಟ್ಟುತ್ತದಂತೆ, ಮಗು ಯಾಕೆ ಹಾಗಲ್ಲ? ಹೊಟ್ಟೆಯಲ್ಲಿದ್ದಾಗ ರೋಗ ತಡೆಯುವ ಶಕ್ತಿ ಹೇಗೆ ಬೆಳೆಯುತ್ತದೆ?

ಸವಣೂರು ಹೈನು
ಎಲ್ಲರಿಗೂ ನಮಸ್ಕಾರ. ನಮ್ಮ ಜರ್ಸಿ ಕ್ರಾಸ್ ಆಕಳು ಈ ತಿಂಗಳ ಕೊನೆಗೆ ಈಯುವುದಿದೆ. ನನ್ನ ಹೆಂಡತಿಗೂ ಈಗ ಏಳು ತಿಂಗಳು. ಒಂದೇ ವಾರದಲ್ಲಿ ಎರಡು ಕಡೆ ಎರಡು ಥರ ಮಾತು ಕೇಳಿ ತಲೆ ಕೆಟ್ಟಿದೆ. ಪಶು ವೈದ್ಯರು ಹೇಳಿದ್ದು, ಕರು ಹುಟ್ಟುವಾಗ ಅದರ ರಕ್ತದಲ್ಲಿ ಆ್ಯಂಟಿಬಾಡಿ (ರೋಗಾಣುವನ್ನು ತಡೆಯುವ ಪ್ರೋಟೀನ್) ಇರುವುದಿಲ್ಲ, ಗಿಣ್ಣದ ಹಾಲೇ ಎಲ್ಲ ಅಂತ. ಆಶಾ ಕಾರ್ಯಕರ್ತೆ ಹೇಳಿದ್ದು, ತಾಯಿಗೆ ಟಿಡಿ ಚುಚ್ಚುಮದ್ದು ಹಾಕಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಧನುರ್ವಾಯುವಿನಿಂದ ರಕ್ಷಣೆ ಸಿಗುತ್ತದೆ ಅಂತ. ಎರಡೂ ಹೊಟ್ಟೆಯಲ್ಲೇ ಬೆಳೆಯುತ್ತವೆ, ಎರಡಕ್ಕೂ ಹೊಕ್ಕುಳಬಳ್ಳಿ ಇದೆ, ಎರಡಕ್ಕೂ ಸುಮಾರು ಒಂಬತ್ತು ತಿಂಗಳು. ಹಾಗಾದರೆ ಅಷ್ಟು ದಿನ ಕರುವಿನ ಮೈಯಲ್ಲಿ ಏನೂ ತಯಾರಾಗಲ್ವಾ?

ಇನ್ನೊಂದು. ನಮ್ಮಲ್ಲಿ ಮಾಸು ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡುವುದಿಲ್ಲ. ಹೋದ ಸಲದ ಕರು ಭೇದಿ ಹತ್ತಿ ವಾರ ತುಂಬುವ ಮೊದಲೇ ಸತ್ತಿತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ತಿಳಿದವರು ಬಿಡಿಸಿ ಹೇಳಿ.

ಗದಗ ಪಶು
ಇಬ್ಬರು ಹೇಳಿದ್ದೂ ಸರಿ ಇದೆ. ವ್ಯತ್ಯಾಸ ಇರುವುದು ಮಾಸಿನಲ್ಲಿ.

ಮನುಷ್ಯರಲ್ಲಿ ಮಾಸಿನ ಎಳೆಗಳು ತಾಯಿಯ ರಕ್ತದಲ್ಲೇ ಅದ್ದಿಕೊಂಡಿರುತ್ತವೆ. ಆ ಎಳೆಗಳ ಹೊರಪದರದಲ್ಲಿ ಎಫ್‌ಸಿಆರ್‌ಎನ್ ಅನ್ನುವ ಪ್ರೋಟೀನ್ ಇದೆ. ಅದು ತಾಯಿಯ ಐಜಿಜಿ ಆ್ಯಂಟಿಬಾಡಿಯನ್ನು ಹಿಡಿದು ಮಗುವಿನ ಕಡೆ ದಾಟಿಸುತ್ತದೆ. ಆಕಳು, ಎಮ್ಮೆ, ಕುರಿ, ಆಡಿನಲ್ಲಿ ಹಾಗಲ್ಲ. ತಾಯಿಯ ರಕ್ತನಾಳವೂ ಗರ್ಭಕೋಶದ ಪದರಗಳೂ ನಡುವೆ ಉಳಿದುಕೊಳ್ಳುತ್ತವೆ. ಈದ ಮೇಲೆ ಬೀಳುವ ಮಾಸಿನಲ್ಲಿ ಕೆಂಪು ಗುಂಡಿಗಳನ್ನು ನೋಡಿರುತ್ತೀರಿ, ಅವು ಅಂಟಿಕೊಂಡಿದ್ದ ಜಾಗ. ಅಲ್ಲಿಂದ ಆಮ್ಲಜನಕ, ಆಹಾರ ದಾಟುತ್ತವೆ, ಆ್ಯಂಟಿಬಾಡಿ ದಾಟುವುದಿಲ್ಲ. ಕುದುರೆ, ಹಂದಿಗೂ ಇದೇ ಕಥೆ. ನಾಯಿ ಬೆಕ್ಕು ನಡುವಿನವು, ಅವುಗಳಲ್ಲಿ ಸ್ವಲ್ಪ ಮಾತ್ರ ದಾಟುತ್ತದೆ, ಉಳಿದದ್ದು ಮೊದಲ ಹಾಲಿನಿಂದಲೇ.

ಮಾಸು ಬೀಳಲಿ ಅಂತ ಕಾಯಲೇಬೇಡಿ. ಕರುವಿನ ಕರುಳು ಆ್ಯಂಟಿಬಾಡಿಯನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ 24 ಗಂಟೆ ಮಾತ್ರ. ಅದರಲ್ಲೂ ಮೊದಲ ಆರು ಗಂಟೆ ಬಲು ಮುಖ್ಯ, ಆಮೇಲೆ ಗಂಟೆ ಗಂಟೆಗೂ ಕಡಿಮೆಯಾಗುತ್ತದೆ. ಮಾಸು ಬೀಳಲು 12 ಗಂಟೆವರೆಗೂ ಹಿಡಿಯಬಹುದು. ಅಲ್ಲಿಗೆ ಅರ್ಧಕ್ಕಿಂತ ಜಾಸ್ತಿ ಅವಕಾಶ ಕೈ ಬಿಟ್ಟಿತು.

ಅಣ್ಣಿಗೇರಿ ಹಿರಿಯ
ನಮ್ಮ ಅಪ್ಪ ಅಜ್ಜ ಎಲ್ಲ ಮಾಸು ಬಿದ್ದ ಮೇಲೆಯೇ ಕುಡಿಸುತ್ತಿದ್ದರು. ಕರುಗಳು ಗಟ್ಟಿಮುಟ್ಟಾಗಿ ಬೆಳೆದು ಹೊಲ ಉತ್ತವು. ಮೊದಲೇ ಕುಡಿಸಿದರೆ ಮಾಸು ಒಳಗೇ ನಿಲ್ಲುತ್ತದೆ ಅಂತ ಹೇಳುತ್ತಾರೆ. ಎಲ್ಲ ಹಳೆಯದೂ ತಪ್ಪು ಅನ್ನಬೇಡಿ.

ಗದಗ ಪಶು
ಹಿರಿಯರೇ, ಹಳೆಯದು ಎಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇದೊಂದು ಮಾತ್ರ ಉಲ್ಟಾ ಇದೆ. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶ ಕುಗ್ಗಿಸುವುದೂ ಅದೇ. ಹಾಗಾಗಿ ಕುಡಿಸಿದ್ದರಿಂದ ಮಾಸು ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಇನ್ನು ಸತ್ತ ಕರುಗಳ ಲೆಕ್ಕ ಯಾರೂ ಇಡಲಿಲ್ಲ. ಬದುಕಿ ಹೊಲ ಉತ್ತವು ಮಾತ್ರ ನೆನಪಿನಲ್ಲಿ ಉಳಿದಿವೆ.

ನರಗುಂದ ಎತ್ತು
ಹಿರಿಯರು ಹೇಳಿದ್ದರಲ್ಲೂ ಹುರುಳಿದೆ. ಆಗ ಇದ್ದದ್ದು ಖಿಲಾರಿ, ನಾಟಿ ದನ. ಹಾಲು ಕಡಿಮೆ, ಆದರೆ ಗಿಣ್ಣ ಗಟ್ಟಿ. ಕರು ತಾನೇ ಎದ್ದು ಹೋಗಿ ಕುಡಿಯುತ್ತಿತ್ತು, ರಾತ್ರಿ ಈದರೆ ತಡೆಯುವವರು ಯಾರಿದ್ದರು? ಈಗಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸಿಗೆ ಹಾಲು ಜಾಸ್ತಿ, ಗಿಣ್ಣ ತೆಳು. ಕರು ದಪ್ಪ, ಏಳುವುದು ತಡ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಲ್ಯಾಬ್ ಕಿಟಕಿ
ನಾನು ಧಾರವಾಡದಲ್ಲಿ ಓದಿದವಳು, ಈಗ ಇಮ್ಯುನಾಲಜಿ ಕೆಲಸ. "ಕರುವಿನ ಮೈಯಲ್ಲಿ ಏನೂ ತಯಾರಾಗಲ್ವಾ" ಅನ್ನುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ತಯಾರಾಗುತ್ತದೆ, ಅದೂ ಭಾಳ ಬೇಗ. ಆಕಳ ಗರ್ಭ ಸುಮಾರು 280 ದಿನ. 40ನೇ ದಿನದ ಹೊತ್ತಿಗೆ ಭ್ರೂಣದಲ್ಲಿ ಥೈಮಸ್ ಗ್ರಂಥಿ ಗುರುತಿಸಬಹುದು. 55ರ ಸುಮಾರಿಗೆ ಗುಲ್ಮ, ಎಲುಬಿನ ಮಜ್ಜೆ. 60ಕ್ಕೆ ದುಗ್ಧಗ್ರಂಥಿಗಳು (ಲಿಂಫ್ ನೋಡ್, ಹಾಲಿನ ಗ್ರಂಥಿ ಅಲ್ಲ). ಅಂದರೆ ಎರಡು ತಿಂಗಳಿಗೇ ರೋಗದ ವಿರುದ್ಧ ಹೋರಾಡುವ ಬಿ ಕಣ, ಟಿ ಕಣ ಅನ್ನುವ ಬಿಳಿ ರಕ್ತಕಣಗಳು ತಯಾರಾಗುವ ಜಾಗಗಳು ಸಿದ್ಧ.

ಮನುಷ್ಯರಲ್ಲೂ ಹೀಗೇ. ರಕ್ತದ ಮೊದಲ ಕಣಗಳು ಮೂರನೇ ವಾರದಲ್ಲಿ ಭ್ರೂಣದ ಹೊರಗಿನ ಯೋಕ್ ಸ್ಯಾಕ್ ಅನ್ನುವ ಚೀಲದಲ್ಲಿ ಹುಟ್ಟುತ್ತವೆ. ಆಮೇಲೆ ಆ ಕೆಲಸ ಲಿವರ್‌ಗೆ ಹೋಗುತ್ತದೆ, ಕೊನೆಗೆ ಮಜ್ಜೆಗೆ. 12-14 ವಾರದ ಹೊತ್ತಿಗೆ ಥೈಮಸ್‌ನಿಂದ ಹೊರಬಂದ ಟಿ ಕಣಗಳು ಮೈಯಲ್ಲಿ ಓಡಾಡುತ್ತಿರುತ್ತವೆ. ನಮ್ಮ ಮೆದುಳಿನಲ್ಲಿ ಕಾವಲಿರುವ ಮೈಕ್ರೋಗ್ಲಿಯಾ ಕಣಗಳ ಮೂಲ ಆ ಯೋಕ್ ಸ್ಯಾಕ್ ಅಂತ ಇಲಿಗಳಲ್ಲಿ 2010ರಲ್ಲಿ ತೋರಿಸಿದರು. ಹುಟ್ಟುವ ಎಷ್ಟೋ ತಿಂಗಳ ಮೊದಲು ಬಂದು ಕುಳಿತ ಕಣಗಳ ಸಂತತಿ ಜೀವನವಿಡೀ ಅಲ್ಲೇ ಇರುತ್ತದೆ. ಇದನ್ನು ಮೊದಲು ಓದಿದಾಗ ನನಗೆ ರೋಮಾಂಚನವಾಗಿತ್ತು.

ಹಾಗಾಗಿ ಕಣ ಬೇರೆ, ಆ್ಯಂಟಿಬಾಡಿ ಬೇರೆ ಅಂತ ತಿಳಿಯಿರಿ. ಕಣಗಳು ಸ್ವಂತದ್ದು, ಹೊಟ್ಟೆಯಲ್ಲೇ ಆಗುತ್ತವೆ. ಆ್ಯಂಟಿಬಾಡಿ ಜಾಸ್ತಿ ಆಗಬೇಕಾದರೆ ಆ ಕಣಗಳಿಗೆ ರೋಗಾಣು ಸಿಗಬೇಕು. ಗರ್ಭದಲ್ಲಿ ಅಂಥದ್ದು ಸಿಗುವುದು ಕಡಿಮೆ. ಅದಕ್ಕೇ ಕರು ಹುಟ್ಟುವಾಗ ಕಣಗಳಿರುತ್ತವೆ, ಆ್ಯಂಟಿಬಾಡಿ ಇಲ್ಲದಷ್ಟು ಕಡಿಮೆ. ಮಗುವಿನ ರಕ್ತದಲ್ಲಿರುವ ಐಜಿಜಿ ಕೂಡ ಹೆಚ್ಚೂಕಡಿಮೆ ಎಲ್ಲ ತಾಯಿಯದ್ದೇ.

ಕಲಘಟಗಿ ಹುಡುಗ
ಕಣ ಇದ್ದರೆ ಸಾಕಲ್ಲ? ಹುಟ್ಟಿದ ಮೇಲೆ ತಾನೇ ಮಾಡಿಕೊಳ್ಳುತ್ತದೆ. ಗಿಣ್ಣಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ?

ಗದಗ ಪಶು
ಟೈಮ್ ಬೇಕಲ್ಲ. ಹೊಸ ರೋಗಾಣು ಕಂಡು, ಕಣಗಳು ಹೆಚ್ಚಾಗಿ, ಸಾಕಷ್ಟು ಆ್ಯಂಟಿಬಾಡಿ ಆಗಲು ವಾರಗಳೇ ಬೇಕು. ಕೊಟ್ಟಿಗೆಯ ಇ ಕೋಲೈ ಭೇದಿ ಮೊದಲ ನಾಲ್ಕೈದು ದಿನದಲ್ಲೇ ಹತ್ತುತ್ತದೆ, ನೀರು ಕಳೆದುಕೊಂಡ ಕರು ಒಂದೆರಡು ದಿನದಲ್ಲಿ ನೆಲ ಹಿಡಿಯುತ್ತದೆ. ಸವಣೂರಿನವರ ಕರುವಿಗೂ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ, ನೋಡದೆ ಖಚಿತ ಹೇಳಲಾರೆ.

ರಾಣೆಬೆನ್ನೂರು ಕುರಿ
ಕುರಿಮರಿಗೂ ಇದೇ ಲೆಕ್ಕಾನಾ? ನಮ್ಮಲ್ಲಿ ಅವಳಿ ಹುಟ್ಟಿದರೆ ಒಂದು ಕುಡಿದು ಇನ್ನೊಂದಕ್ಕೆ ಸಿಗುವುದೇ ಇಲ್ಲ. ಸಾಯುವುದು ಆ ಎರಡನೆಯದು.

ಲ್ಯಾಬ್ ಕಿಟಕಿ
ಹೌದ್ರೀ, ಇದೇ ಲೆಕ್ಕ. ಎರಡನೇ ಮರಿಗೆ ಕರೆದು ಕುಡಿಸಿ, ಅಥವಾ ಅದೇ ಹೊತ್ತಿಗೆ ಈದ ಇನ್ನೊಂದು ಕುರಿಯ ಗಿಣ್ಣ ಕೊಡಿ.

ಕುರಿಯ ವಿಷಯ ಬಂತು ಅಂತ ಹೇಳುತ್ತೇನೆ. ಗರ್ಭದಲ್ಲಿರುವಾಗಲೇ ರೋಗದ ವಿರುದ್ಧ ಪ್ರತಿಕ್ರಿಯೆ ಬರುತ್ತದಾ ಅನ್ನುವುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದೇ ಕುರಿಯಿಂದ. 1960ರ ದಶಕದಲ್ಲಿ ಅಮೆರಿಕದ ಆರ್ಥರ್ ಸಿಲ್ವರ್‌ಸ್ಟೈನ್ ಮತ್ತು ಅವರ ಜೊತೆಗಾರರು ಗರ್ಭದಲ್ಲಿದ್ದ ಮರಿಗೇ ಬೇರೆ ಬೇರೆ ವಸ್ತುಗಳನ್ನು ಚುಚ್ಚಿ ನೋಡಿದರು. ಕುರಿಯ ಗರ್ಭ 150 ದಿನದ ಸುಮಾರು. 40ನೇ ದಿನದ ಆಸುಪಾಸಿನಲ್ಲೇ ಬ್ಯಾಕ್ಟೀರಿಯಾಕ್ಕೆ ತಗುಲುವ ಒಂದು ವೈರಸ್ಸಿನ ವಿರುದ್ಧ ಮರಿ ಆ್ಯಂಟಿಬಾಡಿ ಮಾಡಿತು. ಫೆರಿಟಿನ್ ಅನ್ನುವ ಪ್ರೋಟೀನಿಗೆ ಎರಡು ತಿಂಗಳು ಆಗಬೇಕಾಯಿತು. ಮೊಟ್ಟೆಯ ಬಿಳಿಭಾಗದ ಪ್ರೋಟೀನಿಗೆ ಸುಮಾರು 120 ದಿನ. ಬೇರೆ ಕುರಿಯ ಚರ್ಮ ಕಸಿ ಮಾಡಿದರೆ, 77ನೇ ದಿನದ ಸುಮಾರಿನಿಂದ ಅದನ್ನು ಒಪ್ಪದೆ ಕಿತ್ತು ಹಾಕಿತು.

ಒಂದೇ ದಿನ ಸ್ವಿಚ್ ಹಾಕಿದಂತೆ ಶಕ್ತಿ ಬರುವುದಿಲ್ಲ ಅಂತ ಇದರಿಂದ ತಿಳಿಯಿತು. ಯಾವುದಕ್ಕೆ ಯಾವಾಗ ಉತ್ತರ ಕೊಡಬೇಕು ಅನ್ನುವುದಕ್ಕೆ ಒಂದು ಸರದಿ ಇದೆ.

ಹಾನಗಲ್ ದೀಪ
ಹಾಗಾದರೆ ಸರದಿ ಬರುವ ಮೊದಲೇ ರೋಗ ಹೊಕ್ಕರೆ?

ಗದಗ ಪಶು
ಒಳ್ಳೆಯ ಪ್ರಶ್ನೆ. ಬಿವಿಡಿ ಅನ್ನುವ ವೈರಸ್ ದನಗಳಲ್ಲಿದೆ. ಗಬ್ಬದ ಮೊದಲ ನಾಲ್ಕು ತಿಂಗಳೊಳಗೆ ಅದು ಭ್ರೂಣಕ್ಕೆ ಹೋದರೆ, ಗರ್ಭ ಉಳಿದುಕೊಂಡರೂ, ಕರುವಿನ ಕಣಗಳು ಆ ವೈರಸ್ಸನ್ನು ತನ್ನದೇ ಅಂತ ತಿಳಿದುಬಿಡುತ್ತವೆ. ಅದರ ವಿರುದ್ಧ ಏನೂ ಮಾಡುವುದಿಲ್ಲ. ಅಂಥ ಕರು ನೋಡಲು ಚೆನ್ನಾಗಿಯೇ ಹುಟ್ಟಬಹುದು, ಆದರೆ ಬದುಕಿರುವಷ್ಟು ದಿನ ಮೂಗು, ಜೊಲ್ಲು, ಸಗಣಿಯಲ್ಲಿ ವೈರಸ್ ಬಿಡುತ್ತಲೇ ಇರುತ್ತದೆ. ಕೊಟ್ಟಿಗೆಯ ಬೇರೆ ದನಕ್ಕೆಲ್ಲ ಅದೇ ಮೂಲ. ಆರನೇ ತಿಂಗಳ ನಂತರ ವೈರಸ್ ಹೋದರೆ ಕಥೆಯೇ ಬೇರೆ, ಕರು ಹೋರಾಡಿ ಸ್ವಂತ ಆ್ಯಂಟಿಬಾಡಿ ಇಟ್ಟುಕೊಂಡೇ ಹುಟ್ಟುತ್ತದೆ. ಅದಕ್ಕೇ ಹೊಟ್ಟೆಯಲ್ಲಿ ಸೋಂಕು ಆಗಿತ್ತಾ ಅಂತ ತಿಳಿಯಬೇಕಾದರೆ ಗಿಣ್ಣ ಕುಡಿಯುವ ಮೊದಲು ಕರುವಿನ ರಕ್ತ ತೆಗೆಯುತ್ತೇವೆ. ಕುಡಿದ ಮೇಲೆ ತೆಗೆದರೆ ತಾಯಿಯದ್ದು ಯಾವುದು, ಕರುವಿನದ್ದು ಯಾವುದು ಗೊತ್ತಾಗಲ್ಲ.

ವಿದ್ಯಾನಗರ ಓದುಗ
ಮನುಷ್ಯರಲ್ಲೂ ಇಂಥ ಪರೀಕ್ಷೆ ಇದೆ ಅಲ್ವಾ? ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಎಂ ನೋಡುತ್ತಾರೆ ಅಂತ ಓದಿದ ನೆನಪು.

ಲ್ಯಾಬ್ ಕಿಟಕಿ
ಹೌದು. ಐಜಿಎಂ ದೊಡ್ಡ ಆ್ಯಂಟಿಬಾಡಿ, ಮಾಸಿನಲ್ಲಿ ದಾಟುವುದಿಲ್ಲ. ಹಾಗಾಗಿ ರುಬೆಲ್ಲಾದಂಥ ರೋಗದ ವಿರುದ್ಧ ಐಜಿಎಂ ಹುಟ್ಟಿದ ಮಗುವಿನಲ್ಲಿ ಕಂಡರೆ ಅದು ಮಗುವೇ ಮಾಡಿದ್ದು, ಅಂದರೆ ಸೋಂಕು ಒಳಗೇ ಆಗಿತ್ತು. ಐಜಿಜಿ ಕಂಡರೆ ಮಾತ್ರ ಏನೂ ಹೇಳಲು ಬರುವುದಿಲ್ಲ, ತಾಯಿಯದ್ದೂ ಇರಬಹುದು.

ರಾಣೆಬೆನ್ನೂರು ಕುರಿ
ಆಕಳಿಗೆ ಅವಳಿ ಹುಟ್ಟಿ ಒಂದು ಹೋರಿ ಒಂದು ಹೆಣ್ಣಾದರೆ ಆ ಹೆಣ್ಣು ಗಬ್ಬ ನಿಲ್ಲುವುದಿಲ್ಲ ಅಂತಾರಲ್ಲ, ಅದಕ್ಕೂ ಇದಕ್ಕೂ ನಂಟು ಇದೆಯಾ? ಸಂತೆಯಲ್ಲಿ ಅಂಥ ಕರು ಕೊಂಡು ಮೋಸ ಹೋದವರು ಭಾಳ ಮಂದಿ.

ಲ್ಯಾಬ್ ಕಿಟಕಿ
ನಂಟು ಇದೆ, ಅದೂ ನೊಬೆಲ್ ತನಕ ಹೋದ ನಂಟು! ಅವಳಿ ಕರುಗಳ ಮಾಸಿನ ರಕ್ತನಾಳಗಳು ಬಹುತೇಕ ಸಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೋರಿಯ ಹಾರ್ಮೋನು ಹೆಣ್ಣಿಗೆ ಹೋಗಿ ಅದರ ಗರ್ಭಾಂಗ ಸರಿಯಾಗಿ ಬೆಳೆಯುವುದಿಲ್ಲ. ಹತ್ತರಲ್ಲಿ ಒಂಬತ್ತು ಬರಡು. ಬರೀ ಹಾರ್ಮೋನು ಅಲ್ಲ, ರಕ್ತ ಹುಟ್ಟಿಸುವ ಕಣಗಳೂ ಅದಲು ಬದಲಾಗುತ್ತವೆ. 1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವೆನ್ ಇದನ್ನು ತೋರಿಸಿದರು. ಒಂದೇ ಕರುವಿನ ಮೈಯಲ್ಲಿ ಎರಡು ಥರದ ರಕ್ತಕಣ, ದೊಡ್ಡದಾದ ಮೇಲೂ. ಪರರ ಕಣ ಒಳಗೇ ಇದ್ದರೂ ಮೈ ಜಗಳ ತೆಗೆಯುವುದಿಲ್ಲ.

ಯಾಕೆ ಅನ್ನುವುದನ್ನು ಆಸ್ಟ್ರೇಲಿಯಾದ ಬರ್ನೆಟ್ ಯೋಚಿಸಿದರು. ತೀರಾ ಎಳೆತನದಲ್ಲಿ ಕಂಡದ್ದನ್ನು ಮೈ ತನ್ನದು ಅಂದುಕೊಳ್ಳುತ್ತದೆ ಅಂದರು. 1953ರಲ್ಲಿ ಇಂಗ್ಲೆಂಡಿನ ಮೆಡವಾರ್ ಮತ್ತು ಜೊತೆಗಾರರು ಗರ್ಭದಲ್ಲಿದ್ದ ಇಲಿಮರಿಗೆ ಬೇರೆ ತಳಿಯ ಕಣ ಚುಚ್ಚಿದರು. ಅದು ದೊಡ್ಡದಾದ ಮೇಲೆ ಆ ತಳಿಯ ಚರ್ಮದ ಕಸಿಯನ್ನು ಒಪ್ಪಿಕೊಂಡಿತು. 1960ರಲ್ಲಿ ಬರ್ನೆಟ್ ಮತ್ತು ಮೆಡವಾರ್ ಇಬ್ಬರಿಗೂ ನೊಬೆಲ್ ಬಂತು. ಓವೆನ್‌ಗೆ ಬರಲಿಲ್ಲ. ಅವರಿಗೂ ಪಾಲು ಸಿಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನವನಗರ ತಾಯಿ
ದನದ ಮಾತು ಸಾಕು, ಸ್ವಲ್ಪ ಮಕ್ಕಳ ಬಗ್ಗೆಯೂ ಹೇಳಿ. ನನ್ನ ತಂಗಿಗೆ 30 ವಾರಕ್ಕೇ ಹೆರಿಗೆ ಆಯಿತು. ಹುಬ್ಬಳ್ಳಿಯಲ್ಲಿ ಮಗುವನ್ನು ವಾರಗಟ್ಟಲೆ ಎಳೆ ಮಕ್ಕಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇಟ್ಟಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೈ ತೊಳೆದು ಗೌನ್ ಹಾಕಿ ತಾಯಿ ಮಾತ್ರ. ಅಷ್ಟು ಕಟ್ಟುನಿಟ್ಟು ಯಾಕೆ ಅಂತ ನಮ್ಮ ಮನೆಯವರು ಜಗಳಕ್ಕೇ ನಿಂತಿದ್ದರು.

ಹಾನಗಲ್ ದೀಪ
ನಾನು ನರ್ಸ್. ಕಟ್ಟುನಿಟ್ಟು ಬೇಕೇ ಬೇಕು. ತಾಯಿಯ ಐಜಿಜಿ 13ನೇ ವಾರದ ಸುಮಾರಿಗೆ ದಾಟಲು ಶುರುವಾದರೂ ಬಹುಪಾಲು ಹೋಗುವುದು ಕೊನೆಯ ಮೂರು ತಿಂಗಳಲ್ಲಿ. 28-32 ವಾರಕ್ಕೆ ಮಗುವಿನಲ್ಲಿ ತಾಯಿಯ ಅರ್ಧದಷ್ಟು ಇರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ತಾಯಿಗಿಂತಲೂ ಸ್ವಲ್ಪ ಜಾಸ್ತಿಯೇ. ನಿಮ್ಮ ತಂಗಿಯ ಮಗುವಿಗೆ ಆ ಕೊನೆಯ ಪಾಲು ಸಿಕ್ಕಿಲ್ಲ. ಚರ್ಮ ತೆಳು, ಕರುಳು ಎಳೆ, ಕಣಗಳೂ ಇನ್ನೂ ಮಂದ.

ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ತಾಯಿಯ ಮೊದಲ ಹಾಲನ್ನು ಹನಿ ಹನಿಯಾಗಿ ಕೊಡುವುದನ್ನು ದಿನಾ ನೋಡುತ್ತೇನೆ. ಹಳದಿ ಬಣ್ಣ, ಅಂಟು ಅಂಟು, ಸಿರಿಂಜಿನಲ್ಲಿ ಕಣ್ಣಿಗೆ ಕಾಣುವಷ್ಟು ಬಂದರೆ ದೊಡ್ಡದು. ಆ ಒಂದು ಹನಿಯನ್ನು ಕೆನ್ನೆಯ ಒಳಗೆ ಸವರುತ್ತೇವೆ. ಈಗಲೂ ಕೆಲವರು ಅದು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿ ಜೇನು ನೆಕ್ಕಿಸುತ್ತಾರೆ. ದಯವಿಟ್ಟು ಬೇಡ. ವರ್ಷದೊಳಗಿನ ಮಗುವಿಗೆ ಜೇನು ಅಪಾಯ.

ಕಲಘಟಗಿ ಹುಡುಗ
ಮಗುವಿಗೆ ಹೊಟ್ಟೆಯಲ್ಲೇ ಸಿಕ್ಕಾಯ್ತು ಅಂದಮೇಲೆ ಮೊದಲ ಹಾಲು ಯಾಕೆ ಬೇಕು?

ಲ್ಯಾಬ್ ಕಿಟಕಿ
ಕೆಲಸ ಬೇರೆ. ಗಿಣ್ಣದಲ್ಲಿ ಜಾಸ್ತಿ ಇರುವುದು ಐಜಿಜಿ, ಅದು ಕರುವಿನ ರಕ್ತಕ್ಕೆ ಹೋಗುತ್ತದೆ. ತಾಯಿಯ ಮೊದಲ ಹಾಲಿನಲ್ಲಿ ಜಾಸ್ತಿ ಇರುವುದು ಐಜಿಎ, ಅದು ಮಗುವಿನ ರಕ್ತಕ್ಕೆ ಹೋಗುವುದಿಲ್ಲ, ಗಂಟಲಿನಿಂದ ಕರುಳಿನವರೆಗೆ ಒಳಗೋಡೆಯ ಮೇಲೆ ನಿಂತು ರೋಗಾಣು ಅಂಟದಂತೆ ತಡೆಯುತ್ತದೆ. ಅದಕ್ಕೇ ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ ಅನ್ನುವುದು.

ವಿದ್ಯಾನಗರ ಓದುಗ
ನನಗೆ ಒಂದು ಸಂಶಯ ಮೊದಲಿನಿಂದ ಇದೆ. ಮಗುವಿನಲ್ಲಿ ಅರ್ಧ ತಂದೆಯದ್ದು. ಮಗುವಿನ ಟಿ ಕಣಗಳು 14 ವಾರಕ್ಕೇ ಸಿದ್ಧ ಅಂದಿರಿ. ಹಾಗಾದರೆ ಅವು ತಾಯಿಯ ಮೇಲೆ ಯಾಕೆ ಯುದ್ಧಕ್ಕೆ ಹೋಗುವುದಿಲ್ಲ?

ಲ್ಯಾಬ್ ಕಿಟಕಿ
ತಾಯಿ ಮಗುವನ್ನು ಯಾಕೆ ಹೊರದೂಡುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ, ನೀವು ಇನ್ನೊಂದು ಕಡೆಯಿಂದ ಕೇಳಿದ್ದೀರಿ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ತಂಡ ಇದನ್ನೇ ನೋಡಿತು. ತಾಯಿಯ ಒಂದಷ್ಟು ಕಣಗಳು ಮಾಸು ದಾಟಿ ಭ್ರೂಣದ ದುಗ್ಧಗ್ರಂಥಿಗಳಲ್ಲಿ ಕುಳಿತಿರುತ್ತವೆ. ಅವನ್ನು ಕಂಡ ಭ್ರೂಣದ ಟಿ ಕಣಗಳಲ್ಲಿ ಜಾಸ್ತಿ ಪಾಲು ಕಾಳಗಕ್ಕೆ ಇಳಿಯುವುದಿಲ್ಲ, ಕಾಳಗ ತಡೆಯುವ ರೆಗ್ಯುಲೇಟರಿ ಟಿ ಕಣಗಳಾಗುತ್ತವೆ. 2017ರಲ್ಲಿ ಸಿಂಗಾಪುರದ ತಂಡ ಇನ್ನೊಂದು ತೋರಿಸಿತು. ಭ್ರೂಣದ ಡೆಂಡ್ರಿಟಿಕ್ ಕಣಗಳು ಪರಕೀಯ ವಸ್ತುವನ್ನು ಗುರುತಿಸುತ್ತವೆ, ಪ್ರತಿಕ್ರಿಯೆಯನ್ನೂ ಕೊಡುತ್ತವೆ. ಆದರೆ ಆರ್ಜಿನೇಸ್-2 ಅನ್ನುವ ಕಿಣ್ವ ಬಳಸಿ ಟಿ ಕಣಗಳು ಉರಿಯೂತದ ರಾಸಾಯನಿಕ ಮಾಡದಂತೆ ಹಿಡಿದಿಡುತ್ತವೆ.

ಹಾಗಾಗಿ "ಹೊಟ್ಟೆಯಲ್ಲಿ ರೋಗನಿರೋಧಕ ಶಕ್ತಿ ಮಲಗಿರುತ್ತದೆ" ಅಂತ ಹೇಳುವುದನ್ನು ನಿಲ್ಲಿಸಬೇಕು. ಎಚ್ಚರವಾಗಿಯೇ ಇರುತ್ತದೆ. ಆಗ ಅದರ ಮುಖ್ಯ ಕೆಲಸ ಸುಮ್ಮನಿರುವುದನ್ನು ಕಲಿಯುವುದು, ಅದು ಸಣ್ಣ ಕೆಲಸ ಅಲ್ಲ.

ನವನಗರ ತಾಯಿ
ನನ್ನ ರಕ್ತ ನೆಗೆಟಿವ್ ಗುಂಪು. 28ನೇ ವಾರಕ್ಕೆ ಒಂದು, ಹೆರಿಗೆಯಾದ ಮೇಲೆ ಒಂದು ಇಂಜೆಕ್ಷನ್ ಹಾಕಿದ್ದರು. ಅದೂ ಇದೇ ದಾಟುವ ಆ್ಯಂಟಿಬಾಡಿಯ ಸಮಸ್ಯೆನಾ?

ಹಾನಗಲ್ ದೀಪ
ಅದೇ. ಮಗುವಿನದ್ದು ಪಾಸಿಟಿವ್ ಇದ್ದು, ಅದರ ರಕ್ತ ನಿಮ್ಮ ಮೈಗೆ ಬಂದರೆ ನೀವು ಅದರ ವಿರುದ್ಧ ಆ್ಯಂಟಿಬಾಡಿ ಮಾಡುತ್ತೀರಿ. ಮುಂದಿನ ಬಸಿರಲ್ಲಿ ಅದು ಮಾಸು ದಾಟಿ ಮಗುವಿನ ಕೆಂಪು ಕಣ ಒಡೆಯುತ್ತದೆ. ಆ್ಯಂಟಿ-ಡಿ ಇಂಜೆಕ್ಷನ್ ಅದನ್ನು ತಡೆಯುತ್ತದೆ. ಹೆರಿಗೆಯಾದ 72 ಗಂಟೆಯೊಳಗೆ ಹಾಕಿಸಬೇಕು.

ಗದಗ ಪಶು
ಕುದುರೆಯಲ್ಲಿ ಇದೇ ರೋಗ ತಿರುವು ಮುರುವಾಗಿದೆ. ಆ್ಯಂಟಿಬಾಡಿ ಮಾಸು ದಾಟದ ಕಾರಣ ಮರಿ ಹೊಟ್ಟೆಯಲ್ಲಿ ಚೆನ್ನಾಗಿರುತ್ತದೆ, ಗಟ್ಟಿಯಾಗಿ ಹುಟ್ಟುತ್ತದೆ. ತಾಯಿಯ ಗಿಣ್ಣ ಕುಡಿದ ಮೇಲೆ ಕೆಂಪು ಕಣ ಒಡೆದು ಕಾಮಾಲೆ ಹಿಡಿಯುತ್ತದೆ. ಅಂಥ ಮರಿಗೆ ಮಾತ್ರ ಬೇರೆ ಕುದುರೆಯ ಗಿಣ್ಣ ಕೊಡಬೇಕು.

ನರಗುಂದ ಎತ್ತು
ಗಿಣ್ಣದ ಕ್ಯಾಪ್ಸೂಲು, ಪುಡಿ ಅಂತ ದೊಡ್ಡವರಿಗೂ ಮಾರುತ್ತಿದ್ದಾರಲ್ಲ, ಇಮ್ಯುನಿಟಿ ಬರುತ್ತದೆ ಅಂತ. ನಿಜಾನಾ?

ಲ್ಯಾಬ್ ಕಿಟಕಿ
ಆ ಆ್ಯಂಟಿಬಾಡಿ ದೊಡ್ಡವರ ರಕ್ತಕ್ಕೆ ಹೋಗುವುದಿಲ್ಲ. ನಮ್ಮ ಹೊಟ್ಟೆ ಅದನ್ನು ಬೇರೆ ಪ್ರೋಟೀನಿನ ಹಾಗೆ ಜೀರ್ಣ ಮಾಡುತ್ತದೆ. ಕರುವಿಗೇ ಒಂದು ದಿನದ ಮೇಲೆ ಹೋಗುವುದಿಲ್ಲ ಅಂದಮೇಲೆ ನಮಗೆಲ್ಲಿ? ದುಡ್ಡು ಉಳಿಸಿ.

ಅಣ್ಣಿಗೇರಿ ಹಿರಿಯ
ಬೆಲ್ಲ ಏಲಕ್ಕಿ ಹಾಕಿ ಮಾಡಿದ ಗಿಣ್ಣ ತಿನ್ನಬೇಡಿ ಅಂತ ಮಾತ್ರ ಹೇಳಬೇಡಿ. ಆಕಳು ಈದರೆ ಓಣಿಗೆಲ್ಲ ಹಂಚುವುದು ನಮ್ಮ ಕಡೆ ಪದ್ಧತಿ.

ಗದಗ ಪಶು
ಧಾರಾಳ ತಿನ್ನಿ, ಕರು ಹೊಟ್ಟೆ ತುಂಬ ಕುಡಿದ ಮೇಲೆ. ಅಂದ ಹಾಗೆ, ಗಿಣ್ಣ ಬಿಸಿಗೆ ಗಟ್ಟಿಯಾಗುವುದಕ್ಕೆ ಒಂದು ಕಾರಣ ಅದರಲ್ಲಿರುವ ಈ ಆ್ಯಂಟಿಬಾಡಿ ಪ್ರೋಟೀನುಗಳೇ. ಮೊದಲ ಕರೆತದ್ದು ಗಟ್ಟಿ ಕೂರುತ್ತದೆ, ಮೂರನೇ ದಿನದ್ದು ಕೂರುವುದೇ ಇಲ್ಲ, ಮನೆಯಲ್ಲಿ ಮಾಡುವವರಿಗೆ ಗೊತ್ತು. ಕರುವಿಗೆ ಮೊದಲ ಕರೆತದ್ದೇ ಬೇಕು ಅನ್ನುವುದೂ ಅದಕ್ಕೇ. ಹುಬ್ಬಳ್ಳಿಯಲ್ಲಿ ಒಳ್ಳೆಯ ರೇಟು ಸಿಗುತ್ತದೆ ಅಂತ ಆ ಮೊದಲ ಕರೆತವನ್ನೇ ಮಾರುವವರಿದ್ದಾರೆ. ಇದು ನನಗೆ ನಿಜವಾಗಿಯೂ ಸಂಕಟ ಕೊಡುವ ವಿಷಯ.

ಸವಣೂರು ಹೈನು
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಅಮ್ಮ ಒಪ್ಪಿದರು, ಅಪ್ಪ ಇನ್ನೂ ಇಲ್ಲ. ಎಷ್ಟು ಕುಡಿಸಬೇಕು? ಗಿಣ್ಣ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಆಕಳಿಗೆ ಈಗ ಲಸಿಕೆ ಹಾಕಿಸಿದರೆ ಗಿಣ್ಣಕ್ಕೆ ಬರುತ್ತದಾ?

ಗದಗ ಪಶು
ಕರುವಿನ ತೂಕದ ಹತ್ತರಲ್ಲಿ ಒಂದು ಭಾಗ. 30 ಕೆಜಿ ಕರುವಿಗೆ ಮೂರು ಲೀಟರ್. ಮೊದಲ ಎರಡು ಗಂಟೆಯೊಳಗೆ ಆದಷ್ಟು ಕುಡಿಸಿ, ಉಳಿದದ್ದನ್ನು ಆರು ಗಂಟೆಯೊಳಗೆ ಮುಗಿಸಿ. ಹೊಕ್ಕುಳಕ್ಕೆ ಟಿಂಚರ್ ಅಯೋಡಿನ್ ಹಚ್ಚಿ.

ಗುಣ ನೋಡಲು ದ್ರಾಕ್ಷಿ, ಕಬ್ಬು ಬೆಳೆಯುವವರು ಸಕ್ಕರೆ ಅಂಶ ನೋಡುವ ಬ್ರಿಕ್ಸ್ ಮೀಟರ್ ಸಾಕು. ಗಾಜಿನ ಮೇಲೆ ಒಂದು ಹನಿ ಗಿಣ್ಣ ಹಾಕಿ ಬೆಳಕಿಗೆ ಹಿಡಿಯಿರಿ. 22 ಅಥವಾ ಮೇಲೆ ಬಂದರೆ ಲೀಟರಿಗೆ 50 ಗ್ರಾಂ ಆಸುಪಾಸು ಐಜಿಜಿ ಇದೆ ಅಂತ ಅರ್ಥ, ಒಳ್ಳೆಯದು.

ಲಸಿಕೆಯ ವಿಷಯ. ತಾಯಿಯ ರಕ್ತದಿಂದ ಐಜಿಜಿ ಕೆಚ್ಚಲಿಗೆ ಇಳಿಯುವುದು ಈಯುವ ಕೆಲವು ವಾರಗಳ ಮೊದಲು. ಹಾಗಾಗಿ ಲಸಿಕೆ ಅದಕ್ಕೂ ಮೊದಲೇ ಆಗಿರಬೇಕು. ತಿಂಗಳ ಕೊನೆಗೆ ಈಯುವ ಆಕಳಿಗೆ ಈಗ ಹೊಸದಾಗಿ ಹಾಕಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಬ್ರುಸೆಲ್ಲಾ (ಗಬ್ಬ ಬೀಳಿಸುವ ರೋಗ) ಲಸಿಕೆ ಮಾತ್ರ ಗಬ್ಬದ ಆಕಳಿಗೆ ಎಂದೂ ಬೇಡ, ಅದು ಜೀವಂತ ಲಸಿಕೆ, 4ರಿಂದ 8 ತಿಂಗಳ ಹೆಣ್ಣುಕರುವಿಗೆ ಮಾತ್ರ. ಈಯುವ ಎರಡು ತಿಂಗಳ ಮೊದಲೇ ಕರೆಯುವುದನ್ನು ನಿಲ್ಲಿಸಿದ್ದೀರಿ ತಾನೇ?

ಸವಣೂರು ಹೈನು
ನಿಲ್ಲಿಸಿದ್ದೇವೆ. ಮೀಟರ್ ಪಕ್ಕದ ಹೊಲದವರ ಹತ್ತಿರ ಇದೆ, ಕೇಳುತ್ತೇನೆ.

ಧಾರವಾಡಿ ಎಮ್ಮೆ
ಎಮ್ಮೆಗೂ ಇದೇ ಲೆಕ್ಕಾನಾ? ನಮ್ಮದು ಧಾರವಾಡಿ ಎಮ್ಮೆ, ಹಾಲು ಗಟ್ಟಿ. ಜಾಸ್ತಿ ಬಂದ ಗಿಣ್ಣವನ್ನು ಫ್ರೀಜರಿನಲ್ಲಿ ಇಟ್ಟು ಬೇರೆ ಕರುವಿಗೆ ಕೊಡಬಹುದಾ?

ಗದಗ ಪಶು
ಎಮ್ಮೆಗೂ ಇದೇ. ಗಬ್ಬ ಮಾತ್ರ ಸುಮಾರು 310 ದಿನ. ಫ್ರೀಜರಿನಲ್ಲಿ ಮೈನಸ್ 20ರಲ್ಲಿ ಒಂದು ವರ್ಷ ಇಡಬಹುದು. ಮೊದಲ ಕರೆತದ್ದನ್ನು ಮಾತ್ರ ಇಡಿ, ಲೀಟರ್ ಪ್ಯಾಕೆಟ್ ಮಾಡಿ ತಾರೀಖು ಬರೆಯಿರಿ. ಕರಗಿಸುವಾಗ ಒಲೆಯ ಮೇಲೆ ಇಡಲೇಬೇಡಿ, ಆ್ಯಂಟಿಬಾಡಿ ಹಾಳಾಗುತ್ತದೆ. 50 ಡಿಗ್ರಿ ಮೀರದ ಬಿಸಿನೀರಿನ ಬಕೆಟ್ಟಿನಲ್ಲಿ ಪ್ಯಾಕೆಟ್ ಮುಳುಗಿಸಿ ನಿಧಾನಕ್ಕೆ ಕರಗಿಸಿ, ಮೈಬಿಸಿಗೆ ಬಂದ ಮೇಲೆ ಕುಡಿಸಿ. ರೋಗ ಇಲ್ಲದ ಎಮ್ಮೆಯದ್ದೇ ಆಗಿರಬೇಕು, ಬ್ರುಸೆಲ್ಲಾ ಪರೀಕ್ಷೆ ಮಾಡಿಸಿದ್ದರೆ ಇನ್ನೂ ಒಳ್ಳೆಯದು.

ರಾಣೆಬೆನ್ನೂರು ಕುರಿ
ಆಕಳ ಗಿಣ್ಣ ಕುರಿಮರಿಗೆ ನಡೆಯುತ್ತದಾ?

ಗದಗ ಪಶು
ಕುರಿಯದ್ದು ಸಿಗದೇ ಇದ್ದಾಗ ನಡೆಯುತ್ತದೆ. ಒಂದೇ ಆಕಳದ್ದು ಕೊಟ್ಟರೆ ಅಪರೂಪಕ್ಕೆ ಮರಿಗೆ ರಕ್ತಹೀನತೆ ಬರುತ್ತದೆ, ಅದಕ್ಕೆ ಎರಡು ಮೂರು ಆಕಳದ್ದು ಬೆರೆಸಿ ಕೊಡಿ.